ಮಂಜುಗಡ್ಡೆಯ ಮೇಲಿನ ಆಟವೂ ಮನೆ ಬಿಟ್ಟ ಮಕ್ಕಳೂ

ಕಳೆದ ಮಳೆಗಾಲದ ಒಂದು ಸಂಜೆ, ಶಾಲೆಯ ಮೈದಾನವೆಲ್ಲ ಕೆಸರಾಗಿ ಆಟದ ಅವಧಿಯನ್ನು ಬಿಟ್ಟುಕೊಟ್ಟಿದ್ದ ಹೊತ್ತಿನಲ್ಲಿ, ಎಂಟನೆಯ ತರಗತಿಯ ವಿದ್ಯಾರ್ಥಿಯೊಬ್ಬನ ತಂದೆ ನಮ್ಮನ್ನು ಕಾಣಲು ಬಂದರು. ಮುಂಬಯಿಯ ಹೋಟೆಲೊಂದರಲ್ಲಿ ದುಡಿದು ಸಂಸಾರ ಸಾಗಿಸುತ್ತಿರುವವರು. ಅವರ ಮಗ ಕಬಡ್ಡಿಯಲ್ಲಿ ಚುರುಕು. ಅವನ ಆಟವನ್ನು ನೋಡಿದ ಒಬ್ಬರು, ದೂರದ ಊರಿನ ವಸತಿ ಕ್ರೀಡಾಶಾಲೆಯೊಂದಕ್ಕೆ ಹುಡುಗನನ್ನು ಕಳುಹಿಸಿಕೊಡಿರಿ, ಊಟ ವಸತಿಗಳೆಲ್ಲ ಅಲ್ಲಿಯೇ, ಮುಂದೆ ದೊಡ್ಡ ಆಟಗಾರನಾಗುತ್ತಾನೆ ಎಂದು ಹೇಳಿದ್ದರಂತೆ. "ಮಾಸ್ತರೇ, ಕಳುಹಿಸಲೇ ಬೇಡವೇ? ನೀವು ಹೇಳಿದ ಹಾಗೆ ಮಾಡುತ್ತೇನೆ" ಎಂದು ಅವರು ಕೇಳಿದರು. ಹುಡುಗನಂತೂ ಮನಸ್ಸಿನಲ್ಲಿ ಆಗಲೇ ಪೆಟ್ಟಿಗೆ ಕಟ್ಟಿಟ್ಟಿದ್ದನು. ಇನ್ನು ಬೀಜಗಣಿತವೂ ವ್ಯಾಕರಣವೂ ತನಗೇಕೆ ಎಂದು ಗೆಳೆಯರೊಡನೆ ಹೇಳಿಕೊಂಡು ತಿರುಗುತ್ತಿದ್ದನೆಂಬ ಸುದ್ದಿಯೂ ನಮ್ಮ ಕಿವಿಗೆ ಬಿದ್ದಿತ್ತು.

ಒಂದು ವಾರದ ಅವಕಾಶವನ್ನು ಕೊಡಿರೆಂದು ನಾವು ಅವರನ್ನು ಕಳುಹಿಸಿಕೊಟ್ಟೆವು. ಕೇಳಿದ ಕೂಡಲೆ ಹೌದು ಎನ್ನುವುದಾಗಲಿ, ಬೇಡ ಎನ್ನುವುದಾಗಲಿ ನಮಗೆ ಸಾಧ್ಯವಿರಲಿಲ್ಲ. ಹದಿನಾಲ್ಕು ಹದಿನೈದು ವರ್ಷದ ಮಕ್ಕಳು ಆಟಕ್ಕಾಗಿ ಮನೆ ಬಿಟ್ಟು ಹೋಗುವ ಪದ್ಧತಿ ಬಹುಕಾಲದಿಂದ ನಡೆದುಬಂದಿರುವ ಕಡೆ ಏನೇನು ಒಳಿತಾಗಿದೆ, ಏನೇನು ಕೆಡುಕಾಗಿದೆ ಎಂಬುದನ್ನು ತಿಳಿಯಬೇಕೆಂದು ನಾವು ಹುಡುಕಹೊರಟೆವು. ನಮ್ಮ ಹುಡುಕಾಟ ಕೆನಡಾ ದೇಶದ ಪಶ್ಚಿಮ ಭಾಗದಲ್ಲಿ ಹೋಗಿ ನಿಂತಿತು. ಅಲ್ಲಿ ನಡೆಯುವ ಕಿರಿಯರ ಐಸ್ ಹಾಕಿ ಲೀಗಿನ ಕಥೆಯನ್ನು ನಿಮ್ಮ ಮುಂದಿಟ್ಟು, ಅದರಿಂದ ನಮಗೆ ತೋರಿದ ಅಭಿಪ್ರಾಯವನ್ನು ಹೇಳುವುದೇ ಈ ಬರಹದ ಉದ್ದೇಶ.

ಐಸ್ ಹಾಕಿಯನ್ನು ನಿಮ್ಮಲ್ಲಿ ಅನೇಕರು ಚಲನಚಿತ್ರದಲ್ಲಿಯೋ ಮೊಬೈಲಿನಲ್ಲಿಯೋ ನೋಡಿರಬಹುದು. ನಮ್ಮ ದೇಶದಲ್ಲಿಯೂ ಲಡಾಖಿನವರು ಚಳಿಗಾಲದಲ್ಲಿ ಹೆಪ್ಪುಗಟ್ಟಿದ ನೀರಿನ ಮೇಲೆ ಈ ಆಟವನ್ನು ಆಡುತ್ತಾರೆ. ಒಂದೊಂದು ಪಕ್ಷಕ್ಕೆ ಗೋಲು ಕಾಯುವವನೂ ಸೇರಿ ಆರು ಜನ. ಚೆಂಡಿನ ಬದಲಿಗೆ ಮೂರು ಅಂಗುಲ ಅಗಲದ, ಒಂದು ಅಂಗುಲ ದಪ್ಪದ ಗಟ್ಟಿ ರಬ್ಬರಿನ ಬಿಲ್ಲೆ. ಅದಕ್ಕೆ ಪಕ್ ಎಂದು ಹೆಸರು. ಕಾಲಿಗೆ ಉಕ್ಕಿನ ಅಲಗಿರುವ ಪಾದರಕ್ಷೆ. 20 ನಿಮಿಷಗಳ ಮೂರು ಅವಧಿಗಳು. ಆಟದ ವೇಗ ಎಷ್ಟೆಂದರೆ, ಮುಕ್ಕಾಲು ನಿಮಿಷವೋ ಒಂದು ನಿಮಿಷವೋ ಆಡುವಷ್ಟರಲ್ಲಿ ಆಟಗಾರರು ಬಸವಳಿದು ಬೆಂಚಿಗೆ ಮರಳುತ್ತಾರೆ. ಅವರ ಬದಲು ಬೇರೆಯವರು ಧುಮುಕುತ್ತಾರೆ. ತಪ್ಪು ಮಾಡಿದವನು ಎರಡು ನಿಮಿಷ ಅಂಕಣದ ಹೊರಗಿನ ಪೆಟ್ಟಿಗೆಯಲ್ಲಿ ಕುಳಿತಿರಬೇಕು. ಅಷ್ಟು ಹೊತ್ತು ಅವನ ಪಕ್ಷದವರು ಒಬ್ಬನ ಕೊರತೆಯಲ್ಲಿಯೇ ಆಡಬೇಕು. ಒಬ್ಬನ ಸಿಟ್ಟಿಗೆ ಎಲ್ಲರೂ ದಂಡ ತೆರುವ ಈ ನಿಯಮ ನಮಗೆ ಬಹಳ ಮೆಚ್ಚಿಗೆಯಾಯಿತು.

ನಾವು ಹೇಳಹೊರಟಿರುವ ಲೀಗಿನ ಹೆಸರು ವೆಸ್ಟರ್ನ್ ಹಾಕಿ ಲೀಗ್. ಇದು ಹುಟ್ಟಿದ್ದು 1966ರಲ್ಲಿ, ಬೇರೊಂದು ಹೆಸರಿನಿಂದ. ಎಡ್ಮಂಟನ್ ನಗರದ ಬಿಲ್ ಹಂಟರ್ ಎಂಬವರು ಇದರ ಸ್ಥಾಪಕರಲ್ಲಿ ಮುಖ್ಯರು. ಮೊದಲ ವರ್ಷ ಇದ್ದದ್ದು ಏಳೇ ತಂಡಗಳು: ಎಡ್ಮಂಟನ್, ಕ್ಯಾಲ್ಗರಿ, ರೆಜೈನಾ, ಸಸ್ಕಾಟೂನ್, ಮೂಸ್ ಜಾ, ಎಸ್ಟೆವಾನ್, ವೇಬರ್ನ್. ಇಂದು ಮ್ಯಾನಿಟೋಬಾ, ಸಸ್ಕಾಚೆವನ್, ಆಲ್ಬರ್ಟಾ, ಬ್ರಿಟಿಷ್ ಕೊಲಂಬಿಯಾ ಎಂಬ ಕೆನಡಾದ ನಾಲ್ಕು ಪ್ರಾಂತಗಳಲ್ಲಿಯೂ ಅಮೆರಿಕದ ವಾಷಿಂಗ್ಟನ್, ಆರೆಗನ್ ಎಂಬ ಎರಡು ರಾಜ್ಯಗಳಲ್ಲಿಯೂ ಇಪ್ಪತ್ತಕ್ಕೂ ಹೆಚ್ಚು ತಂಡಗಳಿವೆ. ಆಟಗಾರರ ವಯಸ್ಸು ಸಾಮಾನ್ಯವಾಗಿ 16ರಿಂದ 20. ಶರತ್ಕಾಲದಲ್ಲಿ ಆರಂಭವಾಗಿ ವಸಂತಕ್ಕೆ ಮುಗಿಯುವ ಋತುವಿನಲ್ಲಿ ಒಂದೊಂದು ತಂಡ 68 ಪಂದ್ಯಗಳನ್ನು ಆಡುತ್ತದೆ. ಅಂತಿಮ ಸುತ್ತುಗಳು ಇದಕ್ಕೆ ಹೊರತು. ಒಂಟಾರಿಯೋ ಪ್ರಾಂತದಲ್ಲಿಯೂ ಕ್ವಿಬೆಕ್ ಕಡೆಯಲ್ಲಿಯೂ ಇಂಥವೇ ಇನ್ನೆರಡು ಲೀಗುಗಳಿವೆ. ಮೂರರ ವಿಜೇತರೂ ಆತಿಥ್ಯ ವಹಿಸಿದ ಊರಿನ ತಂಡವೂ ಸೇರಿ ಮೆಮೋರಿಯಲ್ ಕಪ್ಪಿಗಾಗಿ ಹೋರಾಡುತ್ತವೆ. ಮೊದಲನೆಯ ಮಹಾಯುದ್ಧದಲ್ಲಿ ಮಡಿದ ಕೆನಡಾದ ಯೋಧರ ಸ್ಮರಣೆಗಾಗಿ 1919ರಲ್ಲಿ ಸ್ಥಾಪನೆಯಾದ ಬಹುಮಾನವದು.

ತಂಡಗಳ ಹೆಸರುಗಳನ್ನು ಕೇಳಿದರೆ ಆ ನಾಡಿನ ಚಿತ್ರವೇ ಕಣ್ಣಿಗೆ ಕಟ್ಟುತ್ತದೆ. ಬ್ರ್ಯಾಂಡನ್ ಊರಿನವರು ವೀಟ್ ಕಿಂಗ್ಸ್, ಅಂದರೆ ಗೋಧಿಯ ದೊರೆಗಳು. ಸುತ್ತ ಕಣ್ಣು ಹಾಯುವವರೆಗೂ ಗೋಧಿಯ ಹೊಲಗಳಲ್ಲವೆ? ಎಡ್ಮಂಟನ್ನಿನವರು ಎಣ್ಣೆಯ ದೊರೆಗಳು. ಅಲ್ಲಿ ನೆಲದಡಿಯಲ್ಲಿ ಖನಿಜ ತೈಲವಿದೆ. ರೆಜೈನಾದ ಪ್ಯಾಟ್ಸ್ ತಂಡ 1917ರಷ್ಟು ಹಳೆಯದು. ರಾಜಕುಮಾರಿ ಪೆಟ್ರೀಶಿಯಾಳ ಹೆಸರಿನ ಸೈನ್ಯದಳದಿಂದ ಆ ಹೆಸರು ಬಂದಿತು. ಮೊದಲ ಏಳು ತಂಡಗಳಲ್ಲಿ ಒಂದು ವರ್ಷವನ್ನೂ ತಪ್ಪಿಸದೆ ತನ್ನ ಊರಿನಲ್ಲಿಯೇ ನಿಂತು ಈ ಲೀಗಿನಲ್ಲಿ ಆಡಿರುವುದು ಸಸ್ಕಾಟೂನಿನ ಬ್ಲೇಡ್ಸ್ ಒಂದೇ. ಎಸ್ಟೆವಾನ್, ವೇಬರ್ನ್‌ಗಳಂಥ ಪುಟ್ಟ ಊರುಗಳು ಈ ದೊಡ್ಡ ಲೀಗಿನಿಂದ ಹಿಂದೆ ಸರಿಯಬೇಕಾಯಿತು. ಆದರೂ ಆಟವನ್ನು ಬಿಡದೆ ತಮ್ಮ ಪ್ರಾಂತದ ಚಿಕ್ಕ ಲೀಗಿನಲ್ಲಿ ತಂಡಗಳನ್ನು ಉಳಿಸಿಕೊಂಡಿವೆ.

ಈ ಲೀಗಿನಲ್ಲಿ ಎರಡು ಸಂಗತಿಗಳನ್ನು ನಾವು ಮನಸಾರೆ ಮೆಚ್ಚಿದೆವು. ಒಂದನೆಯದು, ಕೆಲವು ತಂಡಗಳಿಗೆ ಒಬ್ಬ ಒಡೆಯನಿಲ್ಲ, ಊರೇ ಒಡೆಯ. ಸ್ವಿಫ್ಟ್ ಕರೆಂಟ್, ಮೂಸ್ ಜಾ, ಪ್ರಿನ್ಸ್ ಆಲ್ಬರ್ಟ್ ತಂಡಗಳು ಇಂಥವು. ಸ್ವಿಫ್ಟ್ ಕರೆಂಟಿನ ಜನಸಂಖ್ಯೆ ಸುಮಾರು 17,000 ಮಾತ್ರ. ನಮ್ಮ ಶಾಲೆಯ ಸುತ್ತಲಿನ ಕೆಲವೇ ಬೀದಿಗಳಲ್ಲಿ ಅಷ್ಟು ಜನ ಸಿಕ್ಕಾರು! ಅಂಥ ಊರಿನ ತಂಡ ಲಕ್ಷಾಂತರ ಜನರಿರುವ ಕ್ಯಾಲ್ಗರಿ, ಎಡ್ಮಂಟನ್‌ಗಳ ಎದುರಿಗೆ ಸರಿಸಮನಾಗಿ ನಿಂತು ಆಡುತ್ತದೆ. ನಮ್ಮ ಶಾಲೆಯಲ್ಲಿ ಮಕ್ಕಳು ವರ್ಷದಿಂದ ವರ್ಷಕ್ಕೆ ಕಡಿಮೆಯಾಗುತ್ತಿದ್ದಾರೆ, ಇನ್ನು ನಮಗೆಲ್ಲಿಯ ತಂಡ ಎಂದು ಕೈಚೆಲ್ಲುವವರು ಇದನ್ನು ಗಮನಿಸಬೇಕು.

ಎರಡನೆಯದು, ಮನೆಗಳ ಮಾತು. ಈ ಲೀಗಿನ ತಂಡಗಳು ಹದಿನಾಲ್ಕು ಹದಿನೈದು ವರ್ಷದ ಹುಡುಗರನ್ನೇ ಮುಂದಾಗಿ ಆರಿಸಿಕೊಳ್ಳುತ್ತವೆ. ಹದಿನಾರಾಗುವ ಹೊತ್ತಿಗೆ ಅವರಲ್ಲಿ ಅನೇಕರು ನೂರಾರು ಮೈಲು ದೂರದ ಊರಿಗೆ ಹೋಗಿ ನೆಲಸುತ್ತಾರೆ. ಅವರನ್ನು ಛತ್ರದಲ್ಲಿಯೋ ಹೋಟೆಲಿನಲ್ಲಿಯೋ ಇರಿಸುವುದಿಲ್ಲ. ಆ ಊರಿನ ಗೃಹಸ್ಥರು ಒಬ್ಬಿಬ್ಬರನ್ನು ತಮ್ಮ ಮನೆಗೆ ಕರೆದುಕೊಂಡು, ಸ್ವಂತ ಮಕ್ಕಳಂತೆ ಊಟವಿಕ್ಕಿ, ಶಾಲೆಗೆ ಕಳುಹಿಸಿ, ಜ್ವರ ಬಂದರೆ ಆರೈಕೆ ಮಾಡುತ್ತಾರೆ. ತಂಡ ಅವರ ಖರ್ಚಿಗೆಂದು ಸ್ವಲ್ಪ ಹಣವನ್ನು ಕೊಡುವುದುಂಟು. ಆದರೆ ತಾಯಿಯ ಕೆಲಸಕ್ಕೆ ಬೆಲೆ ಕಟ್ಟುವವರು ಯಾರು? ಇದನ್ನು ಓದುವಾಗ ನಮಗೆ ನೆನಪಾದದ್ದು ನಮ್ಮ ಹಿರಿಯರ ಕಾಲದ ವಾರಾನ್ನ. ಹಳ್ಳಿಯಿಂದ ಪೇಟೆಗೆ ಓದಲು ಬಂದ ಬಡ ಹುಡುಗನು ಸೋಮವಾರ ಒಬ್ಬರ ಮನೆಯಲ್ಲಿ, ಮಂಗಳವಾರ ಇನ್ನೊಬ್ಬರ ಮನೆಯಲ್ಲಿ ಉಂಡು ವಿದ್ಯೆ ಕಲಿಯುತ್ತಿದ್ದ ಕಾಲವದು. ಕನ್ನಡನಾಡಿನ ಎಷ್ಟೋ ಮಂದಿ ವಿದ್ವಾಂಸರು ಹಾಗೆ ಉಂಡು ಬೆಳೆದವರು. ನಾವಾದರೋ ವಾರಾನ್ನವನ್ನು ಕಂಡವರಲ್ಲ. ಉಚಿತ ವಿದ್ಯಾರ್ಥಿನಿಲಯದ ಅನ್ನವನ್ನು ಉಂಡು ಮೆಟ್ರಿಕ್ ಮುಗಿಸಿದವರು. ಪರರ ಒಲೆಯ ಮೇಲೆ ಬೆಂದ ಅನ್ನದ ರುಚಿಯನ್ನೂ ಋಣವನ್ನೂ ಬಲ್ಲೆವು. ಆದ್ದರಿಂದ ಮನೆ ಬಿಟ್ಟು ಹೋಗುವುದೇ ತಪ್ಪೆಂದು ನಾವು ಎಂದಿಗೂ ಹೇಳೆವು. ಹೋದ ಕಡೆಯಲ್ಲಿ ಮನೆಯುಂಟೆ ಎಂಬುದೇ ನಮ್ಮ ಪ್ರಶ್ನೆ.

ಇನ್ನು ಸ್ವಿಫ್ಟ್ ಕರೆಂಟ್ ಊರಿನ ತಂಡದ ಕಥೆಯನ್ನು ಕೇಳಿರಿ. ಬ್ರಾಂಕೋಸ್ ಎಂದು ಅದರ ಹೆಸರು. 1974ರಲ್ಲಿ ಈ ತಂಡ ಊರು ಬಿಟ್ಟು ಲೆತ್‌ಬ್ರಿಜ್ ಎಂಬ ದೊಡ್ಡ ಊರಿಗೆ ಹೋಗಿತ್ತು. ಹನ್ನೆರಡು ವರ್ಷಗಳ ತರುವಾಯ, 1986ರಲ್ಲಿ, ಊರಿನವರು ಅದನ್ನು ಮರಳಿ ಕರೆತಂದರು. ಹೋದ ಮಗ ಮನೆಗೆ ಬಂದಷ್ಟು ಸಂತೋಷ. ಆ ಸಂತೋಷ ನಾಲ್ಕು ತಿಂಗಳು ಬಾಳಿತು. ಡಿಸೆಂಬರ್ 30, 1986ರಂದು ತಂಡದ ಬಸ್ಸು ಪಂದ್ಯಕ್ಕಾಗಿ ರೆಜೈನಾಕ್ಕೆ ಹೊರಟಿತು. ಊರು ದಾಟಿದ ಸ್ವಲ್ಪ ದೂರದಲ್ಲಿಯೇ, ಮಂಜು ಕಟ್ಟಿದ ರಸ್ತೆಯ ಮೇಲೆ ಜಾರಿ ಉರುಳಿತು. ಬಸ್ಸಿನ ಹಿಂಭಾಗದಲ್ಲಿ ಕುಳಿತಿದ್ದ ನಾಲ್ವರು ಆಟಗಾರರು ಮೃತಪಟ್ಟರು. ಅವರಲ್ಲಿ ಕಿರಿಯವನಿಗೆ 16 ವರ್ಷ, ಹಿರಿಯವನಿಗೆ 20.

ಆ ಊರು ಧೃತಿಗೆಡಲಿಲ್ಲ, ತಂಡವನ್ನು ಮುಚ್ಚಲಿಲ್ಲ. ಮೃತರಾದ ನಾಲ್ವರ ಅಂಗಿಯ ಸಂಖ್ಯೆಗಳನ್ನು ನಾಲ್ಕು ಎಲೆಗಳ ಒಂದು ಚಿಹ್ನೆಯಲ್ಲಿ ಬರೆದು ಆಟಗಾರರು ಧರಿಸಿದರು. ಎರಡೂವರೆ ವರ್ಷ ಕಳೆಯುವುದರೊಳಗೆ, 1989ರ ಮೇ ತಿಂಗಳಲ್ಲಿ, ಅದೇ ತಂಡ ಮೆಮೋರಿಯಲ್ ಕಪ್ಪಿನ ಅಂತಿಮ ಪಂದ್ಯಕ್ಕೆ ಬಂದಿತು. ಎದುರಾಳಿ ಆತಿಥೇಯ ಸಸ್ಕಾಟೂನ್. ಪಂದ್ಯ ಸಮಸಮವಾಗಿ ಹೆಚ್ಚಿನ ಅವಧಿಗೆ ಹೋಗಿ, 4-3ರಿಂದ ಸ್ವಿಫ್ಟ್ ಕರೆಂಟ್ ಗೆದ್ದಿತು. ಆ ಬಸ್ಸಿನಲ್ಲಿದ್ದು ಬದುಕಿ ಉಳಿದ ಜೋ ಸ್ಯಾಕಿಕ್ ಎಂಬ ಹುಡುಗನು ಮುಂದೆ ಜಗತ್ಪ್ರಸಿದ್ಧ ಆಟಗಾರನಾಗಿ, 2002ರಲ್ಲಿ ಒಲಿಂಪಿಕ್ ಚಿನ್ನವನ್ನು ಗೆದ್ದ ಕೆನಡಾ ತಂಡದಲ್ಲಿದ್ದನು.

ಕಥೆಯನ್ನು ಇಲ್ಲಿಗೆ ನಿಲ್ಲಿಸಿದರೆ ಎಷ್ಟು ಚೆನ್ನಾಗಿರುತ್ತಿತ್ತು! ಛಲ, ಸ್ಮರಣೆ, ಜಯ ಎಲ್ಲವೂ ಇವೆ. ಬಹುಮಾನ ವಿತರಣೆಯ ದಿನ ಭಾಷಣಕ್ಕೆ ಒದಗುವಂತಿದೆ. ಆದರೆ ನಿಲ್ಲಿಸುವುದು ಅಸತ್ಯವಾದೀತು. ಆ ತಂಡದ ತರಬೇತುದಾರನನ್ನು 1989ರಲ್ಲಿ ಹಾಕಿ ಪತ್ರಿಕೆಯೊಂದು ವರ್ಷದ ವ್ಯಕ್ತಿಯೆಂದು ಕೊಂಡಾಡಿತು. ಅದೇ ವ್ಯಕ್ತಿ ತನ್ನ ವಶದಲ್ಲಿದ್ದ ಹುಡುಗರ ಮೇಲೆ ವರ್ಷಗಟ್ಟಲೆ ಲೈಂಗಿಕ ದೌರ್ಜನ್ಯ ಎಸಗುತ್ತಿದ್ದನು. ಆ ತಂಡದಲ್ಲಿ ಆಡಿ, ಆ ಬಸ್ಸಿನಲ್ಲಿಯೂ ಇದ್ದು, ಮುಂದೆ ದೊಡ್ಡ ಲೀಗಿನಲ್ಲಿ ಹೆಸರು ಮಾಡಿದ ಷೆಲ್ಡನ್ ಕೆನಡಿ ಎಂಬವರು 1996ರಲ್ಲಿ ಪೋಲೀಸರ ಬಳಿಗೆ ಹೋಗಿ ತಮಗಾದುದನ್ನು ಹೇಳಿದರು. 1997ರಲ್ಲಿ ಆ ತರಬೇತುದಾರನು ತಪ್ಪೊಪ್ಪಿಕೊಂಡು ಮೂರೂವರೆ ವರ್ಷಗಳ ಸೆರೆವಾಸಕ್ಕೆ ಗುರಿಯಾದನು. ಊರಿಗೆ ಊರೇ ಸೋದರರಂತೆ ಪ್ರೀತಿಸಿದ ಆ ಹುಡುಗರ ನಡುವೆ, ಮನೆಮನೆಯಲ್ಲಿ ಅನ್ನವಿಕ್ಕಿದ ಆ ತಾಯಂದಿರ ನಡುವೆ, ಒಂದು ಮಗು ತನ್ನ ನೋವನ್ನು ಹೇಳಿಕೊಳ್ಳಲು ಒಬ್ಬರೂ ಸಿಗಲಿಲ್ಲ. ಯಾಕೆ? ತಂಡ ಗೆಲ್ಲುತ್ತಿತ್ತು. ಗೆದ್ದೆತ್ತಿನ ಬಾಲ ಹಿಡಿಯುವುದು ನಮ್ಮ ನಾಡಿನಲ್ಲಿ ಮಾತ್ರ ಇರುವ ರೂಢಿಯಲ್ಲ.

ಮಕ್ಕಳು ಓದುವ ವಾರ್ಷಿಕ ಸಂಚಿಕೆಯಲ್ಲಿ ಇಂಥ ಹೊಲಸು ಮಾತೇಕೆ ಎಂದು ಹಿರಿಯರು ಕೆಲವರು ಹುಬ್ಬು ಗಂಟಿಕ್ಕಬಹುದು. ಅವರಲ್ಲಿ ನಮ್ಮ ವಿಜ್ಞಾಪನೆ ಇಷ್ಟೆ: ಆ ಊರಿನ ಹಿರಿಯರೂ ಇದನ್ನು ಆಡಬಾರದ ಮಾತೆಂದೇ ಎಣಿಸಿದ್ದರು. ಆಡಬಾರದೆಂದು ಮುಚ್ಚಿಟ್ಟ ಮೌನವೇ ಅಪರಾಧಿಗೆ ಆಶ್ರಯವಾಯಿತು. ಮಾತನಾಡಿದ ಕೆನಡಿಯವರು ಅಲ್ಲಿಗೇ ಸುಮ್ಮನಾಗಲಿಲ್ಲ. 2004ರಲ್ಲಿ ಒಬ್ಬ ಸಂಗಡಿಗರೊಡನೆ ಸಂಸ್ಥೆಯೊಂದನ್ನು ಕಟ್ಟಿ, ಮಕ್ಕಳ ಜತೆಗೆ ಹೇಗೆ ನಡೆದುಕೊಳ್ಳಬೇಕು, ತಪ್ಪನ್ನು ಕಂಡರೆ ಯಾರಿಗೆ ತಿಳಿಸಬೇಕು ಎಂಬುದನ್ನು ತರಬೇತುದಾರರಿಗೂ ತಂದೆತಾಯಿಗಳಿಗೂ ಕಲಿಸುವ ಕೆಲಸವನ್ನು ಕೈಕೊಂಡರು. ನಮ್ಮ ಅಭಿಪ್ರಾಯದಲ್ಲಿ 1989ರ ಕಪ್ಪಿಗಿಂತ ಇದು ದೊಡ್ಡ ಗೆಲುವು.

ಇನ್ನು ಓದಿನ ಮಾತು. ಬೀಜಗಣಿತ ನನಗೇಕೆ ಎಂದ ಹುಡುಗನಿಗೂ ಅವನಂಥವರಿಗೂ ಒಂದು ಲೆಕ್ಕವನ್ನು ಕೊಡುತ್ತೇವೆ. ಕೆನಡಾದ ಈ ಮೂರು ಕಿರಿಯರ ಲೀಗುಗಳಲ್ಲಿ ಸುಮಾರು 60 ತಂಡಗಳು; ಒಂದೊಂದರಲ್ಲಿ ಇಪ್ಪತ್ತಕ್ಕೂ ಮಿಕ್ಕಿದ ಹುಡುಗರು. ಒಟ್ಟು ಸಾವಿರದ ಇನ್ನೂರಕ್ಕೆ ಕಡಿಮೆಯಿಲ್ಲ. ದೊಡ್ಡವರ ಲೀಗಾದ ನ್ಯಾಷನಲ್ ಹಾಕಿ ಲೀಗಿನಲ್ಲಿರುವ ತಂಡಗಳು 32. ವರ್ಷಕ್ಕೊಮ್ಮೆ ನಡೆಯುವ ಆಯ್ಕೆಯಲ್ಲಿ ಏಳು ಸುತ್ತು. ತಂಡಕ್ಕೊಬ್ಬನಂತೆ ಹಿಡಿದರೂ 224 ಜನ. ಆ 224ರಲ್ಲಿ ಯುರೋಪಿನವರೂ ಅಮೆರಿಕದವರೂ ಸೇರಿರುತ್ತಾರೆ. ಆಯ್ಕೆಯಾದವರೆಲ್ಲರೂ ಆಡಿಯೇ ಆಡುತ್ತಾರೆಂದೂ ಇಲ್ಲ. ಹಾಗಾದರೆ ಉಳಿದವರ ಗತಿಯೇನು? ಇಪ್ಪತ್ತೊಂದನೆಯ ವಯಸ್ಸಿಗೆ ಕಿರಿಯರ ಆಟ ಮುಗಿಯುತ್ತದೆ, ಬಾಳು ಮುಗಿಯುವುದಿಲ್ಲವಷ್ಟೆ.

ಈ ಪ್ರಶ್ನೆಗೆ ಆ ಲೀಗು ಕೊಟ್ಟ ಉತ್ತರ ನಮಗೆ ಹಿಡಿಸಿತು. 1993ರಿಂದ ಅಲ್ಲಿ ವಿದ್ಯಾರ್ಥಿವೇತನದ ಏರ್ಪಾಡಿದೆ. ಒಬ್ಬ ಹುಡುಗ ಒಂದು ಋತು ಆಡಿದರೆ ಮುಂದೆ ಕಾಲೇಜಿನಲ್ಲಿ ಒಂದು ವರ್ಷದ ಶುಲ್ಕ ಮತ್ತು ಪಠ್ಯಪುಸ್ತಕಗಳ ವೆಚ್ಚವನ್ನು ಪಡೆಯುವ ಹಕ್ಕು ಅವನದಾಗುತ್ತದೆ. ನಾಲ್ಕು ಋತು ಆಡಿದರೆ ನಾಲ್ಕು ವರ್ಷ. ಗೋಲು ಹೊಡೆದವನಿಗೆ ಹೆಚ್ಚು, ಬೆಂಚಿನಲ್ಲಿ ಕುಳಿತವನಿಗೆ ಕಡಿಮೆ ಎಂಬ ಭೇದವಿಲ್ಲ.

ಆದರೂ ಅಲ್ಲಿ ಎಲ್ಲವೂ ಸರಿಯಾಗಿದೆಯೆಂದು ನಾವು ಹೇಳುವುದಿಲ್ಲ. ದೂರದ ಬೆಟ್ಟ ಕಣ್ಣಿಗೆ ನುಣ್ಣಗೆ. ಟಿಕೆಟು ಮಾರಿ ಹಣ ಮಾಡುವ ತಂಡಕ್ಕೆ ಆಡುವ ಹುಡುಗನು ವಿದ್ಯಾರ್ಥಿಯೋ ನೌಕರನೋ ಎಂಬ ವಿವಾದ ಅಲ್ಲಿ ಬಹಳ ವರ್ಷ ನಡೆಯಿತು. 2014ರಲ್ಲಿ ಆಟಗಾರರ ಪರವಾಗಿ ಕನಿಷ್ಠ ವೇತನ ಬೇಕೆಂದು ದಾವೆ ಹೂಡಲಾಯಿತು. ಹಲವು ಪ್ರಾಂತಗಳ ಸರ್ಕಾರಗಳು ಈ ಹುಡುಗರಿಗೆ ವೇತನದ ಕಾನೂನು ಅನ್ವಯಿಸದೆಂದು ವಿಧಿಸಿದುವು. 2020ರಲ್ಲಿ ಲೀಗುಗಳು 3 ಕೋಟಿ ಕೆನಡಾ ಡಾಲರುಗಳ ರಾಜಿಗೆ ಒಪ್ಪಿಕೊಂಡುವು. ವಿಚಿತ್ರವೆಂದರೆ, ಇತ್ತ ಇವರು ನೌಕರರಲ್ಲವೆಂದು ಸರ್ಕಾರಗಳು ಹೇಳುತ್ತಿದ್ದಾಗ, ಅತ್ತ ಇವರು ಹಣಕ್ಕೆ ಆಡಿದವರೆಂದು ಅಮೆರಿಕದ ಕಾಲೇಜುಗಳ ಕ್ರೀಡಾಮಂಡಳಿ ತನ್ನ ಪಂದ್ಯಗಳಿಗೆ ಸೇರಿಸಿಕೊಳ್ಳುತ್ತಿರಲಿಲ್ಲ. 2024ರ ನವೆಂಬರಿನಲ್ಲಿ ಆ ನಿಷೇಧವನ್ನು ತೆಗೆಯಲು ನಿರ್ಧರಿಸಿ, 2025ರ ಆಗಸ್ಟಿನಿಂದ ಬಾಗಿಲು ತೆರೆದರು. ದೊಡ್ಡವರ ವ್ಯಾಜ್ಯದ ನಡುವೆ ಎಷ್ಟು ಹುಡುಗರ ಪ್ರಾಯ ದಾಟಿಹೋಯಿತೋ!

ಕೊನೆಯದಾಗಿ ಇನ್ನೊಂದು ದುಃಖದ ಪ್ರಸಂಗವನ್ನು ಹೇಳಲೇಬೇಕು. ಅದೇ ಸಸ್ಕಾಚೆವನ್ ಪ್ರಾಂತದ ಚಿಕ್ಕ ಲೀಗಿನಲ್ಲಿ ಹಂಬೋಲ್ಟ್ ಎಂಬ ಊರಿನ ತಂಡವಿದೆ. ಊರಿನ ಜನಸಂಖ್ಯೆ ಸುಮಾರು 6,000. ಏಪ್ರಿಲ್ 6, 2018ರಂದು ನಿಪಾವಿನ್ ಊರಿಗೆ ಪಂದ್ಯಕ್ಕೆ ಹೊರಟ ಅವರ ಬಸ್ಸಿಗೂ ಒಂದು ಭಾರಿ ಲಾರಿಗೂ ಹೆದ್ದಾರಿಗಳ ಕೂಡುದಾರಿಯಲ್ಲಿ ಅಪಘಾತವಾಯಿತು. ಬಸ್ಸಿನಲ್ಲಿದ್ದ 29 ಜನರಲ್ಲಿ 16 ಮಂದಿ ಅಸುನೀಗಿದರು. 13 ಮಂದಿ ಗಾಯಗೊಂಡರು. ಲಾರಿ ನಿಲ್ಲಬೇಕಾದ ಕಡೆ ನಿಲ್ಲಲಿಲ್ಲ. ಅದನ್ನು ನಡೆಸುತ್ತಿದ್ದವನು ಭಾರತದಿಂದ ಹೋಗಿ ಅಲ್ಲಿ ನೆಲಸಿದ್ದ ತರುಣ. ಕೆಲಸಕ್ಕೆ ಸೇರಿ ಕೆಲವೇ ವಾರಗಳಾಗಿದ್ದುವು. ಅವನು ತಪ್ಪನ್ನು ಪೂರ್ಣವಾಗಿ ಒಪ್ಪಿಕೊಂಡನು. 2019ರಲ್ಲಿ ಅವನಿಗೆ ಎಂಟು ವರ್ಷಗಳ ಶಿಕ್ಷೆಯಾಯಿತು. ಹೊಟ್ಟೆಪಾಡಿಗೆ ಊರು ಬಿಟ್ಟು ಬಂದ ನಮ್ಮಂಥವರಿಗೆ ಎರಡು ಕಡೆಯ ದುಃಖವೂ ಅರ್ಥವಾಗುತ್ತದೆ. ಮೃತನಾದ ಲೋಗನ್ ಬುಲೆ ಎಂಬ 21 ವರ್ಷದ ಆಟಗಾರನು ಕೆಲವೇ ವಾರಗಳ ಹಿಂದೆ ಅಂಗದಾನಕ್ಕೆ ಹೆಸರು ಬರೆಸಿದ್ದನು. ಅವನ ಅಂಗಗಳಿಂದ ಆರು ಜನರಿಗೆ ಉಪಕಾರವಾಯಿತು. 1986ರ ಅಪಘಾತದಲ್ಲಿ ಉಳಿದು ಈಗ ನಡುವಯಸ್ಸು ದಾಟಿದ ಕೆಲವರು ಹಂಬೋಲ್ಟಿಗೆ ಧಾವಿಸಿ, ಗಾಯಗೊಂಡ ಹುಡುಗರ ಹತ್ತಿರ ಕುಳಿತರು. ತಮಗೆ ಅಂದು ದೊರೆಯದ ಸಾಂತ್ವನವನ್ನು ಇವರಿಗೆ ಕೊಟ್ಟರು.

ಆಮೇಲೆ ಕಾಯಿದೆಗಳು ಬಂದುವು. ಸಸ್ಕಾಚೆವನ್, ಆಲ್ಬರ್ಟಾ ಮೊದಲಾದ ಪ್ರಾಂತಗಳು 2019ರಲ್ಲಿ ಭಾರಿ ಲಾರಿ ನಡೆಸುವ ಹೊಸಬರಿಗೆ ಕಡ್ಡಾಯ ತರಬೇತಿಯನ್ನು ವಿಧಿಸಿದುವು. 2020ರ ಸೆಪ್ಟೆಂಬರಿನಿಂದ ಹೆದ್ದಾರಿಯಲ್ಲಿ ಓಡುವ ಹೊಸ ದೊಡ್ಡ ಬಸ್ಸುಗಳಿಗೆಲ್ಲ ಆಸನಪಟ್ಟಿ ಇರಲೇಬೇಕೆಂದಾಯಿತು. 1986ರ ನಾಲ್ಕು ಸಾವಿನಿಂದ 2020ರವರೆಗೆ 34 ವರ್ಷ! ಕೋಟೆ ಸೂರೆಹೋದ ಮೇಲೆ ದಿಡ್ಡಿಬಾಗಿಲು ಹಾಕುವ ಬುದ್ಧಿ ಎಲ್ಲ ದೇಶದ ಹಿರಿಯರಿಗೂ ಒಂದೇ.

ಇಷ್ಟನ್ನು ತಿಳಿದುಕೊಂಡ ಮೇಲೆ ನಮ್ಮ ಅಭಿಪ್ರಾಯ ಸ್ಥಿರವಾಯಿತು. ಮಕ್ಕಳ ಆಟವನ್ನು ನಡೆಸುವ ಸಂಸ್ಥೆಯ ಯೋಗ್ಯತೆಯನ್ನು ಅದು ಗೆದ್ದ ಕಪ್ಪುಗಳಿಂದ ಅಳೆಯಲಾಗದು. ತನ್ನ ವಶಕ್ಕೆ ಬಂದ ಮಕ್ಕಳ ಹೊಣೆಯನ್ನು ಅದು ಹೇಗೆ ಹೊತ್ತಿದೆ ಎಂಬುದರಿಂದ ಅಳೆಯಬೇಕು. ವಾರ ಕಳೆದು ಬಂದ ಆ ತಂದೆಯವರಿಗೆ ನಾವು ನಾಲ್ಕು ಪ್ರಶ್ನೆಗಳನ್ನು ಚೀಟಿಯಲ್ಲಿ ಬರೆದುಕೊಟ್ಟೆವು. ಮೊದಲನೆಯದು, ಹುಡುಗ ರಾತ್ರಿ ಎಲ್ಲಿ ಮಲಗುತ್ತಾನೆ, ಅವನಿಗೆ ಜ್ವರ ಬಂದರೆ ನೋಡುವವರು ಯಾರು? ಎರಡನೆಯದು, ಕಾಲು ಮುರಿದು ಆಟ ನಿಂತರೆ ಅವನ ಓದು ಎಲ್ಲಿಂದ ಮುಂದುವರಿಯುತ್ತದೆ, ಅದರ ವೆಚ್ಚ ಯಾರದು? ಮೂರನೆಯದು, ಪಂದ್ಯಕ್ಕೆ ಕರೆದುಕೊಂಡು ಹೋಗುವ ವಾಹನ ಯಾವುದು, ಅದನ್ನು ನಡೆಸುವವರು ಯಾರು? ನಾಲ್ಕನೆಯದು, ತರಬೇತುದಾರನೇ ತಪ್ಪು ಮಾಡಿದರೆ ಹುಡುಗ ಯಾರಿಗೆ ಹೇಳಬೇಕು? ಅವನು ಮನೆಗೆ ತಾನಾಗಿ, ಯಾರೂ ಪಕ್ಕದಲ್ಲಿ ನಿಲ್ಲದೆ, ಫೋನು ಮಾಡಬಹುದೆ?

ಇಷ್ಟೆಲ್ಲ ಕೇಳುತ್ತ ಕುಳಿತರೆ ಯಾವ ಹುಡುಗನೂ ಆಟಗಾರನಾಗಲಾರನು, ಅವಕಾಶ ಕೈತಪ್ಪಿ ಹೋದೀತು ಎನ್ನುವವರಿದ್ದಾರೆ. ಅವಕಾಶದ ಬೆಲೆ ನಮಗೆ ಗೊತ್ತಿಲ್ಲವೆಂದಲ್ಲ. ಬಡವನ ಮನೆಯ ಬಾಗಿಲಿಗೆ ಅದು ಪದೇ ಪದೇ ಬಾರದು. ಆದರೆ ಬಡವನು ಪ್ರಶ್ನೆ ಕೇಳಲಾರನೆಂಬ ಧೈರ್ಯದಿಂದಲೇ ಎಷ್ಟೋ ಅನ್ಯಾಯಗಳು ನಡೆಯುತ್ತವೆ. ಒಳ್ಳೆಯ ಸಂಸ್ಥೆಗೆ ಪ್ರಶ್ನೆಗಳ ಭಯವಿಲ್ಲ. ಭಯಪಡುವ ಸಂಸ್ಥೆಯಲ್ಲಿ ಮಗುವನ್ನು ಬಿಡಲಾಗದು.

ಆ ತಂದೆಯವರು ಎರಡು ದಿನ ರಜೆ ಹಾಕಿ, ಮಗನನ್ನು ಕರೆದುಕೊಂಡು ಆ ಊರಿಗೆ ಹೋಗಿ ಬಂದರು. ಹಾಸಿಗೆಯನ್ನು ತೋರಿಸಿದರಂತೆ, ಅಡಿಗೆಮನೆಯನ್ನು ತೋರಿಸಿದರಂತೆ. ಓದಿನ ವಿಷಯ ಕೇಳಿದಾಗ ಹತ್ತಿರದ ಶಾಲೆಯ ಹೆಸರು ಹೇಳಿದರಂತೆ. ವಾಹನವೂ ಪರವಾಗಿಲ್ಲ. ನಾಲ್ಕನೆಯ ಪ್ರಶ್ನೆಗೆ ಮಾತ್ರ ಅಲ್ಲಿಯವರು ನಕ್ಕು, "ಅಂಥದ್ದೇನೂ ನಮ್ಮಲ್ಲಿ ನಡೆಯುವುದಿಲ್ಲ" ಎಂದರಂತೆ. "ಅದು ಉತ್ತರವೇ ಮಾಸ್ತರೇ?" ಎಂದು ಅವರು ನಮ್ಮನ್ನು ಕೇಳಿದರು. ಅಲ್ಲವೆಂದೆವು. ಸ್ವಿಫ್ಟ್ ಕರೆಂಟಿನಲ್ಲಿಯೂ ಎಲ್ಲರೂ ಹಾಗೆಯೇ ನಂಬಿದ್ದರು.

ಹುಡುಗ ಎರಡು ದಿನ ಅತ್ತನು, ನಮ್ಮ ಮೇಲೆ ಮುನಿಸಿಕೊಂಡನು, ಅದು ಸಹಜ. ಹತ್ತನೆಯ ತರಗತಿ ಮುಗಿಯುವವರೆಗೆ ಇಲ್ಲಿಯೇ ಆಡುವುದೆಂದೂ, ಅಷ್ಟರಲ್ಲಿ ನಾಲ್ಕಕ್ಕೆ ನಾಲ್ಕೂ ಪ್ರಶ್ನೆಗಳಿಗೆ ನೇರವಾದ ಉತ್ತರ ಕೊಡುವ ಸ್ಥಳವನ್ನು ನಾವೆಲ್ಲ ಸೇರಿ ಹುಡುಕುವುದೆಂದೂ ತೀರ್ಮಾನವಾಗಿದೆ. ಹುಡುಕುವ ಮಾತನ್ನು ಕೊಟ್ಟವರು ನಾವು. ಅದನ್ನು ನಡೆಸಿಕೊಡುವ ಹೊಣೆಯೂ ನಮ್ಮದೇ. ಹುಡುಗನು ಸಂಜೆ ಮೈದಾನದಲ್ಲಿ ಎಂದಿನಂತೆ ಆಡುತ್ತಿದ್ದಾನೆ. ಬೀಜಗಣಿತದಲ್ಲಿ ಕಳೆದ ಪರೀಕ್ಷೆಗೆ 38 ಅಂಕ ಬಂದಿವೆ. ಇನ್ನೂ ಹೆಚ್ಚು ಬರಬೇಕು.

ವಿದ್ಯಾರ್ಥಿ ಮಿತ್ರರೇ, ನಿಮ್ಮಲ್ಲಿ ಕೆಲವರು ನಾಳೆ ಆಟಕ್ಕಾಗಿ, ಓದಿಗಾಗಿ, ಕೆಲಸಕ್ಕಾಗಿ ಮನೆ ಬಿಟ್ಟು ಹೋಗುವವರೇ. ನಿಮ್ಮ ತಂದೆತಾಯಿಗಳೂ ಹಾಗೆ ಬಂದವರೇ ಅಲ್ಲವೆ? ಧೈರ್ಯವಾಗಿ ಹೋಗಿರಿ. ಹೋಗುವ ಮುನ್ನ ಆ ನಾಲ್ಕು ಪ್ರಶ್ನೆಗಳನ್ನು ಕೇಳಿರಿ. ಹೋದ ಮೇಲೆ ಏನಾದರೂ ಅನುಚಿತವಾದದ್ದು ನಡೆದರೆ, ನಡೆಸಿದವನು ಎಷ್ಟೇ ದೊಡ್ಡವನಾಗಿರಲಿ, ಗುರುವೇ ಆಗಿರಲಿ, ಮನೆಯವರಿಗೆ ಹೇಳಿರಿ. ಮನೆಯವರಿಗೆ ಹೇಳಲು ಬಾಯಿ ಬಾರದಿದ್ದರೆ ನಿಮ್ಮ ಹಳೆಯ ಶಾಲೆಗೆ ಬನ್ನಿರಿ. ಎಷ್ಟು ವರ್ಷಗಳ ಮೇಲೆ ಬಂದರೂ ನಾವು ಕೇಳುತ್ತೇವೆ. ತಪ್ಪು ನಿನ್ನದು ಎಂದು ಯಾರಿಗೂ ಹೇಳೆವು.